ಮುಚ್ಚಿದ ಡಿಕ್ಕಿಯೊಳಗೆ ಉರಿಯುವ ದೀಪ ಮಹಾಶಯರಿಗೆ

ಅಂಧಕಾರ ನಿವಾರಕರೂ, ಬ್ಯಾಟರಿ ಭಕ್ಷಕರೂ, ಹಗಲು ರಾತ್ರಿಯೆಂಬ ಭೇದವೆಣಿಸದ ಸಮದರ್ಶಿಗಳೂ ಆದ ಮಾನ್ಯ ಡಿಕ್ಕಿ ದೀಪದವರ ಸನ್ನಿಧಾನಕ್ಕೆ, ತಾವು ವಾಸಿಸುತ್ತಿದ್ದ ಕಾರನ್ನು ಹಿಂದಿನಿಂದ ತಳ್ಳುವ ಹುದ್ದೆಯಲ್ಲಿದ್ದ ನಾನು ಬೆನ್ನು ಬಗ್ಗಿಸಿ ಮಾಡುವ ನಮಸ್ಕಾರಗಳು. ಬಗ್ಗಿಸಿರುವುದು ವಿನಯದಿಂದಲೇ ಎಂದು ತಾವು ತಿಳಿಯಬಾರದು, ಅದೀಗ ನೆಟ್ಟಗಾಗುವುದಿಲ್ಲ.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸಿದ್ದೇನೆ. ಕಿರುಬೆರಳ ತುದಿಯಷ್ಟೇ ಇರುವ ತಮ್ಮ ಹೊಟ್ಟೆಯ ಆಳ ಎಷ್ಟೆಂಬುದು ಇತ್ತೀಚೆಗೆ ನಮ್ಮ ಮನೆಮಂದಿಗೆಲ್ಲ ತಿಳಿದುಬಂದಿರುವುದರಿಂದ ತಮ್ಮ ಆರೋಗ್ಯದ ಬಗ್ಗೆ ನಮಗೆ ಲವಲೇಶವೂ ಆತಂಕವಿಲ್ಲ. ಲೋಕವು ಎಲೆಮರೆಯ ಕಾಯಿಗಳನ್ನು ಹುಡುಕಿ ಹುಡುಕಿ ಶಾಲು ಹೊದಿಸುತ್ತದೆ. ಡಿಕ್ಕಿಮರೆಯ ದೀಪವನ್ನು ಮಾತ್ರ ಈವರೆಗೆ ಯಾರೂ ಗುರುತಿಸಿಲ್ಲ. ಮುಚ್ಚಳ ತೆರೆದಾಗ ಹೊತ್ತಿಕೊಳ್ಳಬೇಕು, ಮುಚ್ಚಿದಾಗ ಆರಬೇಕು ಎಂಬಷ್ಟೇ ತಮ್ಮ ನೇಮಕಾತಿಯ ಷರತ್ತಾಗಿದ್ದರೂ, ಮುಚ್ಚಿದ ಮೇಲೂ ಮನೆಗೆ ಹೋಗದೆ, ಮೆಚ್ಚುವವರೊಬ್ಬರೂ ಇಲ್ಲದ ಕಡೆ, ಒಂದು ಸ್ಟೆಪ್ನಿಗೂ ಒಂದು ಹರಿದ ಛತ್ರಿಗೂ ಓದಿಕೊಳ್ಳಲು ಅನುಕೂಲವಾಗಲೆಂಬಂತೆ ತಾವು ಉರಿಯುತ್ತಲೇ ಇದ್ದಿರಿ. ನಮ್ಮ ಬೀದಿಯ ಕಂಬದ ದೀಪಕ್ಕೆ ತಮ್ಮಿಂದ ಪಾಠ ಹೇಳಿಸಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಅದು ಕತ್ತಲಾದ ಕೂಡಲೇ ನಿದ್ದೆ ಹೋಗುತ್ತದೆ.

ತಾವಿದ್ದ ಕಾರು ನನ್ನ ಅಮ್ಮನದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರನ್ನೆಲ್ಲ ಒಬ್ಬರಿಗೊಬ್ಬರು ಜೋಡಿಸಿ ನಿವೃತ್ತಳಾದ ಆಕೆ ತನ್ನ ಸ್ವಂತ ಸಂಬಳದಲ್ಲಿ ಕೊಂಡ ಕಾರದು. ಅದಕ್ಕೆ ನಾಲ್ಕು ಬಾಗಿಲುಗಳಿದ್ದು ಮೂರು ತೆರೆಯುತ್ತವೆ, ಎರಡು ಮುಚ್ಚುತ್ತವೆ. ಮಂಡಿನೋವಿಗೆ ಈಜು ಒಳ್ಳೆಯದೆಂದು ವೈದ್ಯರು ಹೇಳಿದಂದಿನಿಂದ ವಾರಕ್ಕೆರಡು ಸಲ ಗೆಳತಿಯರನ್ನು ತುಂಬಿಕೊಂಡು ಈಜುಕೊಳಕ್ಕೆ ಹೋಗುವುದು ಅಮ್ಮನ ಪದ್ಧತಿ. ಹೊಸ ಕಾರು ಕೊಡಿಸುತ್ತೇನೆಂದರೆ, "ಅದಕ್ಕೆ ಕ್ಲಚ್ಚೇ ಇಲ್ವಂತೆ, ಎಡಗಾಲು ಮನೇಲಿಟ್ಟು ಹೋಗ್ಲಾ?" ಎನ್ನುತ್ತಾಳೆ. ನಾನೇ ಕರೆದುಕೊಂಡು ಹೋಗುತ್ತೇನೆಂದರೆ, "ಮಗನ್ನ ಕೇಳ್ಕೊಂಡು ಎಲ್ಲಿಗಾದ್ರೂ ಹೋಗೋದು ಅಂದ್ರೆ ರಜೆಗೆ ಅರ್ಜಿ ಹಾಕಿದ ಹಾಗೆ. ಅರ್ಜಿ ಹಾಕೋ ವಯಸ್ಸು ಮುಗೀತು ನಂದು," ಎನ್ನುತ್ತಾಳೆ.

ಹೀಗಿರುವಾಗ ಹಳೆಯ ವಾಹನಗಳ ಪರೀಕ್ಷೆಗೆ ಕರೆ ಬಂತು. ಕಾರು ತಾನಾಗಿ ಬರಬೇಕು, ಸಾಲಿನಲ್ಲಿ ಎಂಜಿನ್ ಆರಿಸಿ ನಿಲ್ಲಬೇಕು, ಕರೆದಾಗ ಕೀಲಿ ತಿರುಗಿಸಿದರೆ ಎದ್ದು ಬರಬೇಕು. ಇಲ್ಲವಾದರೆ ನೋಂದಣಿ ರದ್ದು, ಮುಂದಿನ ದಾರಿ ಗುಜರಿ. ತಮ್ಮ ದಯೆಯಿಂದ ಮೊದಲ ದಿನಾಂಕದಂದು ಕಾರು ಮನೆಯ ಶೆಡ್ಡಿನಿಂದಲೇ ಏಳಲಿಲ್ಲ. ಎರಡನೆಯ ದಿನಾಂಕ ಕೊಟ್ಟ ಗುಮಾಸ್ತರು ಇದೇ ಕೊನೆಯದೆಂದು ಕೆಂಪು ಶಾಯಿಯಲ್ಲಿ ಗೀಟು ಹಾಕಿದರು. ಅಂದಿನಿಂದ ಅಮ್ಮ ಈಜುಡುಪನ್ನು ಒಗೆದು, ಒಣಗಿಸಿ, ಮಡಿಸಿ, ಮತ್ತೆ ಒಗೆಯತೊಡಗಿದಳು.

ಕಾಯಿಲೆಯ ಲಕ್ಷಣವನ್ನು ತಮಗೆ ವಿವರಿಸುವುದು ಸಕ್ಕರೆಗೆ ಸಿಹಿ ತಿನ್ನಿಸಿದಂತೆ. ಆದರೂ ಓದುಗರ ಸಲುವಾಗಿ ಹೇಳುತ್ತೇನೆ. ಒಂದು ದಿನ ಓಡಿಸಿದರೆ ಮರುದಿನ ಕಾರು ಸಲೀಸಾಗಿ ಏಳುತ್ತಿತ್ತು. ಎರಡು ಮೂರು ದಿನ ನಿಂತರೆ ಮುಗಿಯಿತು, ಕೀಲಿ ತಿರುಗಿಸಿದರೆ 'ಟಿಕ್' ಎಂದು ನಾಲಿಗೆ ಲೊಚಗುಟ್ಟಿ ಸುಮ್ಮನಾಗುತ್ತಿತ್ತು. ಆಗ ನಾನು ಹಿಂದೆ, ಅಮ್ಮ ಒಳಗೆ. "ತಳ್ಳು! ಇನ್ನೂ ತಳ್ಳು! ಊಟ ಮಾಡಿದ್ಯೋ ಇಲ್ವೋ?" ಎಂಬ ಮಾತೃವಾಣಿ ಕಿಟಕಿಯಿಂದ ಬರುತ್ತಿತ್ತು. 'ಹೇಗೋ ದಿನ ತಳ್ಳುತ್ತಿದ್ದೇನೆ' ಎಂದು ಜನ ನಿಟ್ಟುಸಿರು ಬಿಡುವುದನ್ನು ನಾನು ಮೊದಲೆಲ್ಲ ಕೇಳಿದ್ದೆ. ದಿನಕ್ಕೆ ಎಂಜಿನ್ನಾದರೂ ಇರುವುದಿಲ್ಲ, ಹಗುರ.

ಚಿಕಿತ್ಸೆಗೆ ಮೊದಲು ಬಂದವರು ಎದುರುಮನೆಯ ಹಲ್ಲಿನ ಡಾಕ್ಟರು. ಯಾವುದೇ ಬಾಯಿ ತೆರೆದಿರುವುದನ್ನು ಕಂಡರೆ ಸುಮ್ಮನೆ ಹಾದುಹೋಗಲಾರದ ಅವರು ನಮ್ಮ ಬಾನೆಟ್ಟಿನೊಳಗೆ ಟಾರ್ಚು ಬಿಟ್ಟು, ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಬೆಳ್ಳನೆಯ ಕಿಟ್ಟವನ್ನು ಕಂಡು, "ಅಯ್ಯಯ್ಯೋ, ಎಷ್ಟು ದಿನವಾಯ್ತು ಕ್ಲೀನಿಂಗ್ ಮಾಡಿಸಿ?" ಎಂದು ನನ್ನನ್ನೇ ಗದರಿ, ಹಳೆಯ ಬ್ರಷ್ಷಿನಿಂದ ಫಳಫಳನೆ ಉಜ್ಜಿ, ತುದಿಗಳನ್ನು ಬಿಗಿ ಮಾಡಿ, ಅಭ್ಯಾಸಬಲದಿಂದ "ಎರಡು ಗಂಟೆ ಏನೂ ತಿನ್ನೋದು ಬೇಡ" ಎಂದು ಹೇಳಿ ಹೋದರು. ಕಾರು ಹೇಗೂ ತಿನ್ನುತ್ತಿರಲಿಲ್ಲ. ತಿನ್ನುತ್ತಿದ್ದವರು ತಾವು.

ಆಮೇಲೆ ಬಂದವನು ಊರೆಲ್ಲ 'ಸೆಲ್ಫ್ ಸಾಹೇಬ' ಎಂದು ಕರೆಯುವ ಮೆಕ್ಯಾನಿಕ್. ಎಂಜಿನ್ನನ್ನು ಎಬ್ಬಿಸುವ ಮೋಟರಿಗೆ ಅವರ ಕಸುಬಿನಲ್ಲಿ ಸೆಲ್ಫ್ ಎನ್ನುತ್ತಾರೆ. ಯಾವ ಕಾರಿಗೆ ಏನಾದರೂ ಆತ ಮೊದಲು ಹೇಳುವುದು "ಸೆಲ್ಫ್ ಹೋಗಿದೆ" ಎಂದೇ. ಅದನ್ನು ಬಿಚ್ಚಿ ನೋಡಿ, "ಇಲ್ಲ, ಸೆಲ್ಫು ಚೆನ್ನಾಗಿದೆ" ಎಂದು ನಿರಾಶನಾಗಿ ತಿರುಗಿ ಜೋಡಿಸಿದ. ಬ್ಯಾಟರಿ ಮುದಿಯಾಗಿದೆ ಎಂದು ಹೊಸದನ್ನು ಹಾಕಿಸಿದ. ಹೊಸ ಬ್ಯಾಟರಿ ಬಂದ ದಿನ ತಮ್ಮ ಮುಖದಲ್ಲಿ ಕಂಡ ಕಳೆಯನ್ನು ನಾನು ಮರೆಯುವಂತಿಲ್ಲ. ಹಸಿದವರ ಮುಂದೆ ಹೊಸ ತಟ್ಟೆ ಇಟ್ಟಂತಾಗಿತ್ತು. ಮೂರು ದಿನ ಬಿಟ್ಟು ಕೀಲಿ ತಿರುಗಿಸಿದರೆ ಮತ್ತದೇ 'ಟಿಕ್'. "ಹಂಗಾದ್ರೆ ಡೈನಮೋ," ಎಂದ ಸಾಹೇಬ. ಅದೂ ಸರಿಯಾಗಿತ್ತು. ಕಡೆಗೆ ಕೈಯೊರೆಸಿಕೊಂಡು, "ಅಮ್ಮಾ, ಗಾಡಿಗೆ ಏನೂ ಆಗಿಲ್ಲ. ಮನಸ್ಸಿಗೆ ಆಗಿದೆ," ಎಂದುಬಿಟ್ಟ.

ಇನ್ನು ನಾನು ಮುಖ್ಯ ಸಂಗತಿಗೆ ಬರುತ್ತೇನೆ. ಇಷ್ಟು ಜನ ಇಷ್ಟು ದಿನ ತಡಕಾಡುತ್ತಿರುವಾಗ ತಮ್ಮ ಮೇಲೆ ಅನುಮಾನವೇಕೆ ಬರಲಿಲ್ಲವೆಂದರೆ, ನಮ್ಮ ಮನೆಯಲ್ಲಿ ಬ್ಯಾಟರಿಯ ನಾಡಿ ನೋಡುವ ವೈದ್ಯರೇ ತಾವು! ಕಾರು ಬಂದಂದಿನಿಂದ ಅಮ್ಮನದೊಂದು ಕ್ರಮವಿದೆ. ಹೊರಡುವ ಮುನ್ನ ಈಜಿನ ಚೀಲವಿಡಲು ಡಿಕ್ಕಿ ತೆರೆಯುತ್ತಾಳೆ, ತಮ್ಮ ಮುಖದರ್ಶನ ಮಾಡುತ್ತಾಳೆ, ತಾವು ಉರಿಯುತ್ತಿದ್ದರೆ ಬ್ಯಾಟರಿ ಸರಿಯಾಗಿದೆಯೆಂದು ತೀರ್ಪು ಕೊಡುತ್ತಾಳೆ. ಕಾರು ಕೈಕೊಟ್ಟಾಗಲೆಲ್ಲ ಬಂದ ತಜ್ಞರನ್ನು ತಮ್ಮ ಬಳಿಗೆ ಕರೆದೊಯ್ದು, "ನೋಡ್ರಿ, ದೀಪ ಹೇಗೆ ಉರೀತಿದೆ! ಬ್ಯಾಟರಿ ಗಟ್ಟಿಯಾಗೇ ಇದೆ. ನೀವು ಬೇರೆ ಕಡೆ ನೋಡಿ," ಎಂದು ತೋರಿಸುತ್ತಿದ್ದಳು. ಅವರೂ ತಲೆಯಾಡಿಸಿ ಬೇರೆ ಕಡೆ ನೋಡುತ್ತಿದ್ದರು. ತಮಗೆ ಬೇಕಾದದ್ದು ಒಂದು ಗುಟುಕು, ಸೆಲ್ಫಿಗೆ ಬೇಕಾದದ್ದು ಒಂದು ಕೊಡ. ಕೊಡದಲ್ಲಿ ತಳಮಟ್ಟದ ಗುಟುಕು ಉಳಿದಿದ್ದರೂ ತಾವು ನಗುನಗುತ್ತಲೇ ಇರುತ್ತೀರಿ ಎಂಬುದು ಯಾರಿಗೂ ಹೊಳೆಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೇವೆ. ಇಲ್ಲಿ ಬೇಲಿಯು ಮೇಯ್ದು, ಬಾಯೊರೆಸಿಕೊಂಡು, ಹೊಲ ಸೊಂಪಾಗಿದೆಯೆಂದು ಪ್ರಮಾಣಪತ್ರವನ್ನೂ ಕೊಡುತ್ತಿತ್ತು.

ಕಾರಿಗೆ ಈ ಕಾಯಿಲೆ ಹಿಡಿಯುವ ತುಸು ಮೊದಲು ಮನೆಯೊಳಗೆ ನಡೆದ ಇನ್ನೊಂದು ವ್ಯವಹಾರವನ್ನೂ ತಮ್ಮ ಗಮನಕ್ಕೆ ತರಬೇಕಾಗಿದೆ. ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿರುವ ನನ್ನ ಹೆಂಡತಿಗೆ ರಾತ್ರಿ ಪಾಳಿ ಶುರುವಾಗಿತ್ತು. ಅವಳು ಹಗಲು ಮಲಗುವ ಕೋಣೆಯ ಕಿಟಕಿ ಕಾರಿನ ಶೆಡ್ಡಿಗೇ ತೆರೆಯುತ್ತದೆ, ಮತ್ತು ಆ ಡಿಕ್ಕಿಯ ಮುಚ್ಚಳವೋ, ಮುಚ್ಚಿದರೆ ಎದುರಿನಿಂದ ಲಾರಿ ಬಂದು ಡಿಕ್ಕಿ ಹೊಡೆದಂತೆ 'ಢಮ್' ಎನ್ನುತ್ತಿತ್ತು. ಅತ್ತೆ ಸೊಸೆಯರ ನಡುವೆ ನೇರ ಮಾತುಕತೆ ನಮ್ಮಲ್ಲಿ ಕಡಿಮೆ. ನಿವೃತ್ತಿಯ ನಂತರ ಎಕ್ಸ್‌ಚೇಂಜಿನ ಕೆಲಸ ನನಗೆ ವರ್ಗವಾಗಿದೆ. "ನಿಮ್ಮಮ್ಮಂಗೆ ಹೇಳಿ, ಆ ಮುಚ್ಚಳ ಕಾರಿಗಲ್ಲ, ನನ್ನ ತಲೆಗೇ ಹಾಕಿದ ಹಾಗಾಗುತ್ತೆ," ಎಂದಳು ಹೆಂಡತಿ. ಜೋಡಿಸಿಕೊಟ್ಟೆ. "ಮೆಲ್ಲಗೆ ಹಾಕಿದ್ರೆ ಅದು ಬೀಳಲ್ಲ. ನಿನ್ನ ಹೆಂಡ್ತಿಗೆ ಹೇಳು, ಕಿವಿಗೆ ಹತ್ತಿ ಇಟ್ಕೊಳ್ಳಲಿ," ಎಂದು ಅಮ್ಮನಿಂದ ಉತ್ತರ ಬಂತು. ಅದನ್ನೂ ತಲುಪಿಸಿದೆ. ಆಮೇಲೆ ಹೆಂಡತಿಯಿಂದ ದೂರು ಬರಲಿಲ್ಲವಾದ್ದರಿಂದ ಹತ್ತಿ ಕೆಲಸ ಮಾಡಿದೆಯೆಂದುಕೊಂಡು ಲೈನು ಮುಚ್ಚಿದೆ. ಅದೇ ವಾರ ಅಮ್ಮನ ನೀಲಿ ರಬ್ಬರ್ ಚಪ್ಪಲಿಯಲ್ಲಿ ಒಂದು ಕಾಣೆಯಾಯಿತು. ಪಕ್ಕದ ಮನೆಯ ನಾಯಿ ಕಚ್ಚಿಕೊಂಡು ಹೋಯಿತೆಂದು ಅಮ್ಮ ಬೀದಿಗೆಲ್ಲ ಸಾರಿದಳು.

ಪರೀಕ್ಷೆಯ ಹಿಂದಿನ ದಿನ ಬೆಳಗ್ಗೆ ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಸಲಕರಣೆಯ ಚೀಲ ಹೊತ್ತು ಬಂದರು. ಹಿಂದೆ ರೇಡಿಯೋ ರಿಪೇರಿಯ ಅಂಗಡಿಯಿದ್ದವರು. ಅವರ ಕೈಗೆ ಹೋದ ರೇಡಿಯೋ ಹಾಡುತ್ತಿತ್ತು, ಒಮ್ಮೊಮ್ಮೆ ಎರಡು ಸ್ಟೇಷನ್ ಒಟ್ಟಿಗೆ. ಬಾಗಿಲು, ಡಿಕ್ಕಿ ಎಲ್ಲ ಮುಚ್ಚಿಸಿ, ಬ್ಯಾಟರಿಯ ಒಂದು ತುದಿ ಬಿಚ್ಚಿ, ತುದಿಗೂ ತಂತಿಗೂ ನಡುವೆ ಒಂದು ಪುಟ್ಟ ಬಲ್ಬು ಸಿಕ್ಕಿಸಿದರು. ಎಲ್ಲ ಆರಿರುವ ಕಾರಿನಲ್ಲಿ ಅದು ಉರಿಯಬಾರದು. ಮಂಕಾಗಿ, ಆದರೆ ಖಂಡಿತವಾಗಿ, ಅದು ಉರಿಯಿತು. "ಅಕ್ಕಾ, ಸೋರ್ತಾ ಇದೆ. ಎಲ್ಲೋ ಸೋರ್ತಾ ಇದೆ," ಎಂದರು ಮಾವ, ಮಾಳಿಗೆ ನೋಡುವವರಂತೆ ತಲೆಯೆತ್ತಿ. ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಹಾಕುತ್ತಾ ಹೋದರು. ಒಂದನ್ನು ಕಿತ್ತಾಗ ಬಲ್ಬು ತಟ್ಟನೆ ಆರಿತು. ಆ ಫ್ಯೂಸಿಗೆ ಸೇರಿದವರು ಮೂವರು: ಸೂರಿನ ದೀಪ, ಅದು ಆರಿತ್ತು, ಗಡಿಯಾರ, ಅದು ತೀರಿಕೊಂಡು ಬಹಳ ಕಾಲವಾಗಿತ್ತು, ಇನ್ನುಳಿದವರು ತಾವು.

"ಡಿಕ್ಕಿ ದೀಪಾನಾ? ಛೆ, ಮುಚ್ಚಿದ್ರೆ ಅದು ಆರುತ್ತಪ್ಪ," ಎಂದಳು ಅಮ್ಮ.

"ಆರೋದನ್ನ ಯಾರು ನೋಡಿದಾರೆ?" ಎಂದರು ಮಾವ.

ಮಾನ್ಯರೇ, ತೆರೆದರೆ ಉರಿಯುತ್ತೀರಿ, ಮುಚ್ಚಿದರೆ ಕಾಣುವುದಿಲ್ಲ. ತಮ್ಮ ನಡತೆಯನ್ನು ನೋಡಹೊರಟರೆ ನೋಟವೇ ತಮ್ಮ ನಡತೆಯನ್ನು ತಿದ್ದಿಬಿಡುತ್ತದೆ. ಫೋನನ್ನು ಒಳಗಿಟ್ಟು ವಿಡಿಯೋ ಮಾಡೋಣವೆಂದು, ಟವೆಲು ಹೊದ್ದು ಬಂದಿದ್ದ ಹಲ್ಲಿನ ಡಾಕ್ಟರು ಸೂಚಿಸಿದರು. "ಫೋನು ಹೇಳಿದ್ದನ್ನೆಲ್ಲ ನಂಬೋಕಾಗುತ್ತಾ? ನನ್ನ ಅರ್ಧ ಆಯುಷ್ಯ ಅದರ ಜೊತೇಲೇ ಕಳೆದಿದೀನಿ," ಎಂದು ಅಮ್ಮ ತಳ್ಳಿಹಾಕಿದಳು. ಮನುಷ್ಯರೇ ಒಳಗೆ ಹೋಗಿ ನೋಡಬೇಕೆಂದು ತೀರ್ಮಾನವಾಯಿತು. ಡಾಕ್ಟರಿಗೆ ಹೊಟ್ಟೆ ಅಡ್ಡ, ಮಾವನಿಗೆ ಮಂಡಿ ಅಡ್ಡ, ನನ್ನ ಬೆನ್ನಿನ ಸಮಾಚಾರ ತಾವೇ ಬಲ್ಲಿರಿ. ಅಷ್ಟರಲ್ಲಿ ಪಾಳಿ ಮುಗಿಸಿ ಬಂದ ನನ್ನ ಹೆಂಡತಿ ಗೇಟಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಕೈಚೀಲವನ್ನು ನನ್ನ ಕೈಗೆ ಕೊಟ್ಟು, ಆಸ್ಪತ್ರೆಯ ಬಿಳಿ ಕೋಟಿನಲ್ಲೇ ಡಿಕ್ಕಿಗೆ ಹತ್ತಿ, ಸ್ಟೆಪ್ನಿಗೆ ತಲೆಯಿಟ್ಟು ಮಲಗಿ, "ಮುಚ್ಚಿ, ಬೇಗ. ನನಗೆ ನಿದ್ದೆ ಬರ್ತಿದೆ," ಎಂದಳು.

ಮಾವ ಫ್ಯೂಸು ಹಾಕಿ ಬ್ಯಾಟರಿಯ ತುದಿ ಸೇರಿಸಿದರು. ಅಮ್ಮ ಕೀಲಿಯನ್ನು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದು ಮುಚ್ಚಳ ಒತ್ತಿದಳು. 'ಢಮ್' ಎನ್ನಲಿಲ್ಲ, 'ಪುಸ್' ಎಂದಿತು. ಆ ಗಡಿಬಿಡಿಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

"ಉರೀತಿದೆಯೇನೇ?" ಎಂದು ಕೂಗಿದೆ. ಉತ್ತರವಿಲ್ಲ. "ಏನೇ, ಆರಿತಾ?" ಉತ್ತರವಿಲ್ಲ. "ಉಸಿರಾಡ್ತಿದಾಳಾ ನೋಡ್ರೋ!" ಎಂದು ಅಮ್ಮ ತಾನೇ ಕೀಲಿ ತೂರಿಸಿ ಮುಚ್ಚಳವನ್ನೆತ್ತಿದಳು. ಒಳಗೆ ನನ್ನ ಹೆಂಡತಿ ಕಣ್ಣುಬಿಟ್ಟುಕೊಂಡು ಮಲಗಿ ಮುಚ್ಚಳದ ಒಳಮೈಯನ್ನೇ ನೋಡುತ್ತಿದ್ದಳು. ಹೊರಗೆ ನಿಂತವರಿಗೆ ಎಂದೂ ಕಾಣದ, ಮಲಗಿ ಮೇಲೆ ನೋಡಿದವರಿಗಷ್ಟೇ, ಅದೂ ತಮ್ಮ ಬೆಳಕಿನಲ್ಲಷ್ಟೇ ಕಾಣುವ ಜಾಗದಲ್ಲಿ, ರಬ್ಬರ್ ಅಂಚುಪಟ್ಟಿಯ ಒಳಗೆ ತೂರಿಸಿ ಅಂಟಿಸಿದ ನೀಲಿ ತುಂಡುಗಳು ಸುತ್ತಲೂ ಇದ್ದವು, ಒಂದೊಂದನ್ನೂ ಅಳೆದು ಒಂದೇ ಸಮನಾಗಿ ಕತ್ತರಿಸಲಾಗಿತ್ತು. ಅವು ಸದ್ದನ್ನು ನುಂಗುತ್ತಿದ್ದವು. ಜೊತೆಗೆ ಮುಚ್ಚಳವನ್ನು ಒಂದು ಕೂದಲೆಳೆ ಮೇಲಕ್ಕೆ ಹಿಡಿದು, ತಮ್ಮನ್ನು ಆರಿಸಬೇಕಾದ ಗುಂಡಿ ಒತ್ತಿಕೊಳ್ಳದಂತೆಯೂ ಮಾಡಿದ್ದವು.

"ಉರೀತಾನೇ ಇತ್ತು," ಎಂದಳು ಹೆಂಡತಿ, ಎದ್ದು ಕೂತು. ಆಮೇಲೆ ಎಕ್ಸ್‌ಚೇಂಜನ್ನು ದಾಟಿ, ನೇರವಾಗಿ, "ಅತ್ತೆ, ಪಕ್ಕದ ಮನೆ ನಾಯಿ ನಿಮ್ಮ ಚಪ್ಪಲೀನ ಕತ್ತರೀಲಿ ಕತ್ತರಿಸಿ, ಗೋಂದು ಹಾಕಿ ಅಂಟಿಸಿದೆ," ಎಂದಳು.

ಅಮ್ಮ ಕೀಲಿಯ ಗೊಂಚಲನ್ನು ಒಂದು ಸಲ ಎಣಿಸಿದಳು. "ಹೌದಾ?" ಎಂದಳು. "ಜಾಣ ನಾಯಿ."

ಮಾವ ಚಿಮುಟ ಹಿಡಿದು ಚಪ್ಪಲಿಯ ತುಂಡುಗಳನ್ನು ಕೀಳಲು ಬಗ್ಗಿದರು. "ಮಾವ, ಅದನ್ನ ಮುಟ್ಟಬೇಡಿ. ಬಲ್ಬು ತೆಗೀರಿ," ಎಂದಳು ನನ್ನ ಹೆಂಡತಿ.

"ಡಿಕ್ಕೀಲಿ ಕತ್ತಲಾಗಲ್ವೇನೇ?" ಎಂದಳು ಅಮ್ಮ. ಅದೂ ನೇರವಾಗಿಯೇ.

"ನಿಮ್ಮ ಈಜಿನ ಚೀಲಕ್ಕೆ ಕತ್ತಲೆ ಅಂದ್ರೆ ಭಯಾನಾ ಅತ್ತೆ?"

ಹೀಗೆ ತಮ್ಮ ನಿವೃತ್ತಿಯಾಯಿತು. ಮಾನ್ಯರಿಗೆ ತಿಳಿದಿರುವಂತೆ ತಾವೀಗ ಹತ್ತಿಯ ಹಾಸಿಗೆಯ ಮೇಲೆ, ಖಾಲಿ ಮಾತ್ರೆಡಬ್ಬಿಯಲ್ಲಿ, ನಮ್ಮ ಅಡುಗೆಮನೆಯ ಕಿಟಕಿಯ ಹಲಗೆಯ ಮೇಲಿದ್ದೀರಿ. ಆ ಹತ್ತಿ ನನ್ನ ಹೆಂಡತಿ ಕಿವಿಗೆಂದು ತರಿಸಿದ್ದು. ಕಟ್ಟು ಒಡೆದೇ ಇರಲಿಲ್ಲ.

ಮರುದಿನದ ಪರೀಕ್ಷೆಯ ವರದಿಯನ್ನು ತಮಗೆ ಒಪ್ಪಿಸುವುದು ನನ್ನ ಧರ್ಮ. ರಾತ್ರಿಯಿಡೀ ಬ್ಯಾಟರಿಗೆ ಚಾರ್ಜು ಕೊಟ್ಟದ್ದಾಯಿತು, ಹೀರುವವರಿರಲಿಲ್ಲ. ನಿದ್ದೆಗೆಟ್ಟ ಕಣ್ಣಿನಲ್ಲೇ ಹೆಂಡತಿ ಮುಂದಿನ ಸೀಟಿನಲ್ಲಿ ಕೂತಳು. ನನಗೆ ಹಿಂದೆ, ತೆರೆಯದ ಬಾಗಿಲಿನ ಪಕ್ಕ ಜಾಗ ಸಿಕ್ಕಿತು. ಸಾಲು ಬಿಸಿಲಿನಲ್ಲಿ ತೆವಳಿತು, ಎಂಜಿನ್ ಆರಿಸಿ ಕಾದೆವು. ಅಮ್ಮನ ಎಡಗೈ ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿತ್ತು, ಹಾಡೇನೂ ಇರಲಿಲ್ಲ. ಕರೆ ಬಂದಾಗ ಆಕೆ ಕೀಲಿ ತಿರುಗಿಸಿದಳು. ನಾನು ಅಭ್ಯಾಸಬಲದಿಂದ ಇಳಿದು ತಳ್ಳಲು ಬಾಗಿಲ ಹಿಡಿ ಹುಡುಕುತ್ತಿದ್ದೆ. ಕಾರು ಒಂದೇ ಮಾತಿಗೆ ಎದ್ದಿತು.

ಪರೀಕ್ಷಕರು ಬ್ರೇಕು, ಹೊಗೆ, ದೀಪಗಳನ್ನೆಲ್ಲ ನೋಡಿ, ಎಲ್ಲಿ ಮುಟ್ಟಿದರೂ ಲೊಡಲೊಡ ಎನ್ನುವ ತಗಡನ್ನು ತಟ್ಟಿ, ಕೊನೆಗೆ ಡಿಕ್ಕಿ ತೆರೆದು ಧಡಾರನೆ ಹಾಕಿದರು. 'ಪುಸ್'. ನಂಬಲಾರದೆ ಮತ್ತೆ ತೆರೆದು ಹಾಕಿದರು. "ಏನಮ್ಮಾ, ಗಾಡಿಯೆಲ್ಲ ಇಷ್ಟು ಸದ್ದು ಮಾಡುತ್ತೆ, ಡಿಕ್ಕಿ ಒಂದೇ ಇಷ್ಟು ಮೆತ್ತಗೆ?" ಎಂದು ಕೇಳಿದರು.

"ಅದು ನಮ್ಮತ್ತೆ ಥರ ಸಾರ್," ಎಂದಳು ನನ್ನ ಹೆಂಡತಿ. "ಮೇಲೆ ತಗಡು, ಒಳಗೆ ಮೆತ್ತಗೆ."

ಪರೀಕ್ಷಕರು ನಕ್ಕು ಮುದ್ರೆಯೊತ್ತಿದರು. ಅಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿ, "ನಿನ್ನ ಹೆಂಡ್ತಿಗೆ ಹೇಳು, ಇನ್ನೊಂದು ಕಾಲಿನ ಚಪ್ಪಲಿ ಹಾಗೇ ಇದೆ ಅಂತ," ಎಂದಳು. ಅದು ಬೆದರಿಕೆಯೋ ವಾಗ್ದಾನವೋ ನನಗಿನ್ನೂ ತಿಳಿಯದು. ನಾನು ಅದನ್ನು ತಲುಪಿಸಲಿಲ್ಲ. ಪಕ್ಕದಲ್ಲೇ ಕೂತವಳಿಗೆ ತಲುಪಿಯಾಗಿತ್ತು, ಅವಳು ನಗುತ್ತಿದ್ದಳು.

ಆದಕಾರಣ ಮಾನ್ಯರಲ್ಲಿ ನನ್ನ ಬಿನ್ನಹಗಳು ಇಷ್ಟು. ತಾವು ಕುಡಿದ ವಿದ್ಯುತ್ತನ್ನು ಸಾಧ್ಯವಾದರೆ ಕಂತಿನಲ್ಲಾದರೂ ಹಿಂತಿರುಗಿಸಬೇಕು. ಮುಂದಿನ ಜನ್ಮದಲ್ಲಿ ಯಾವುದಾದರೂ ಡಿಕ್ಕಿಯಲ್ಲಿ ಹುಟ್ಟುವ ಯೋಗವಿದ್ದರೆ, ಮುಚ್ಚಳ ಹಾಕಿದ ಮೇಲೆ 'ನಾನಿನ್ನೂ ಎದ್ದಿದ್ದೇನೆ' ಎಂದು ಒಂದು ಸಲ ಕೆಮ್ಮಬೇಕು. ನನ್ನ ಬೆನ್ನನ್ನು ಮೊದಲಿದ್ದ ಆಕಾರಕ್ಕೆ ತರಬೇಕು. ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆನ್ನುವುದಾದರೆ ಹಲ್ಲಿನ ಡಾಕ್ಟರಿಗಾದರೂ ಶಿಫಾರಸು ಮಾಡಬೇಕು, ಅವರ ವ್ಯಾಪ್ತಿಗೆ ಎಲ್ಲವೂ ಬರುತ್ತದೆ. ದೂರು ಇಷ್ಟಿದ್ದೂ, ಮುಚ್ಚಿದ ಜಾಗದಲ್ಲಿ ಯಾರಾದರೂ ನೋಡಲೆಂದಲ್ಲದೆ ಇಟ್ಟ ಒಂದು ಜೋಪಾನವನ್ನು, ಯಾರಾದರೂ ನೋಡಲೆಂದಲ್ಲದೆ ಉರಿದ ತಾವೇ ತೋರಿಸಿಕೊಟ್ಟಿರಿ ಎಂಬುದನ್ನು ನಾನು ಒಪ್ಪಲೇಬೇಕು. ಆ ವಿಷಯದ ಮೇಲೆ ಇಷ್ಟು ಬೆಳಕು ಚೆಲ್ಲುವುದು ನನ್ನಂಥ ಎಕ್ಸ್‌ಚೇಂಜಿನ ಕೈಯಲ್ಲಿ ಆಗುತ್ತಿರಲಿಲ್ಲ.

ತಮ್ಮ ಪ್ರಕಾಶದಿಂದ ಕಣ್ಣು ತೆರೆದ, ತಮ್ಮ ಪ್ರತಾಪದಿಂದ ನಡು ಬಾಗಿದ,
ತಮ್ಮ ವಿಶ್ವಾಸಿ,
ಹಿಂದಿನಿಂದ ತಳ್ಳುತ್ತಿದ್ದ ಮಗ

ಮರೆತ ಮಾತು: ಈಜಿನ ದಿನ ಅಮ್ಮ ಎಂದಿನ ಕ್ರಮದಂತೆ ಡಿಕ್ಕಿ ತೆರೆದು, ತಾವಿಲ್ಲದ ಕತ್ತಲನ್ನು ಕಂಡು, "ಬ್ಯಾಟರಿ ಸತ್ತಿದೆ, ಬಾ ತಳ್ಳು," ಎಂದು ನನ್ನನ್ನು ಕರೆದಳು, ಕೀಲಿ ತಿರುಗಿಸಿ ನೋಡೆಂದು ಒಪ್ಪಿಸುವುದರೊಳಗೆ ನಾನು ತಳ್ಳಿದ ಕಾರು ಅರ್ಧ ಬೀದಿ ದಾಟಿತ್ತು. ಈಗ ಆಕೆ ನಾಡಿ ನೋಡುವ ಹೊಣೆಯನ್ನು ತಮ್ಮ ತಮ್ಮನವರಿಗೆ, ಅಂದರೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ವಾಸವಾಗಿರುವ ಪುಟ್ಟ ದೀಪಕ್ಕೆ ವಹಿಸಿದ್ದಾಳೆ. ತೆರೆದಾಗಲೆಲ್ಲ ಅವರು ಬಹಳ ಚೆನ್ನಾಗಿ ಉರಿಯುತ್ತಾರೆ. ಮುಚ್ಚಿದ ಮೇಲೆ ಏನು ಮಾಡುತ್ತಾರೋ, ಒಳಗೆ ಹೋಗಿ ನೋಡಿಬರುವಷ್ಟು ಸಣ್ಣವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಆದ್ದರಿಂದ ಅವರ ನಡತೆಯ ಬಗ್ಗೆ ತಾವೇ, ಒಂದೇ ಮನೆತನದವರೆಂಬ ದಾಕ್ಷಿಣ್ಯ ಬಿಟ್ಟು, ಸತ್ಯ ನುಡಿಯಬೇಕಾಗಿ ಪ್ರಾರ್ಥನೆ.